ಬೀಗ ಹಾಕಿದ ಮನೆಗೂ ಸಿಂಗಾರ: ಊರಿನ ಹಳೇ ಮನೆಯನ್ನು ರಜಾ ಮನೆ ಮಾಡುವುದು ಹೇಗೆ?

ಸಾಗರದ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿ ನಮ್ಮದೊಂದು ಹೆಂಚಿನ ಮನೆ ಇದೆ. ಅಪ್ಪ, ಅಮ್ಮ ಹೋದ ಮೇಲೆ ಅದನ್ನು ಮಾರುವುದು ಬೇಡ ಎಂದು ನಾನು, ಅಕ್ಕ, ತಮ್ಮ ಮಾತಾಡಿಕೊಂಡೆವು. ಬೇಸಿಗೆ ರಜೆ, ದಸರಾ, ದೀಪಾವಳಿಗೆ ಎಲ್ಲರೂ ಅಲ್ಲಿ ಸೇರುವುದು ಅಂತಾಯಿತು. ಮೊದಲ ವರ್ಷದ ಹುರುಪಿನಲ್ಲಿ ಬೆಂಗಳೂರಿನಿಂದ ಸೋಫಾ ಹೋಯಿತು, ದಪ್ಪ ಪರದೆ ಹೋಯಿತು, ಪ್ಲೈವುಡ್ ಕಪಾಟು ಹೋಯಿತು. ಮಳೆಗಾಲ ಕಳೆದು ಅಕ್ಟೋಬರ್‌ನಲ್ಲಿ ಬಾಗಿಲು ತೆಗೆದರೆ ಸೋಫಾ ಮೇಲೆ ಹಸಿರು ಬೂಸ್ಟು. ಕಪಾಟಿನ ಬಾಗಿಲು ಉಬ್ಬಿಕೊಂಡು ಮುಚ್ಚುತ್ತಲೇ ಇಲ್ಲ. ಪರದೆಯ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು.

ಆಗ ಜಗಲಿಯಲ್ಲಿ ಕೂತು ಒಂದು ಲೆಕ್ಕ ಹಾಕಿದೆವು. ನಾವು ಅಲ್ಲಿರುವುದು ವರ್ಷಕ್ಕೆ ಹೆಚ್ಚೆಂದರೆ 40 ದಿನ. ಉಳಿದ 325 ದಿನ ಮನೆ ಒಂದೇ ಇರುತ್ತದೆ. ಜೊತೆಗೆ ಥಂಡಿ, ಗೆದ್ದಲು, ಇಲಿ, ಮಂಗ. ಹಾಗಾಗಿ ಏನೇ ತರುವ ಮೊದಲು ಕೇಳಬೇಕಾದ ಪ್ರಶ್ನೆ ‘ಚೆಂದ ಕಾಣುತ್ತದಾ’ ಅಂತಲ್ಲ, ‘ನಾವಿಲ್ಲದಾಗ ಇದು ಹೇಗಿರುತ್ತದೆ’ ಅಂತ. ಈ ಪ್ರಶ್ನೆ ಇಟ್ಟುಕೊಂಡು ನಾವು ಮಾಡಿದ ಕೆಲಸ ಇಲ್ಲಿದೆ. ನಿಮ್ಮ ಮನೆ ತೀರ್ಥಹಳ್ಳಿ, ಶೃಂಗೇರಿ, ಶಿರಸಿ ಕಡೆಯದಾದರೂ ಹೆಚ್ಚು ಕಡಿಮೆ ಇದೇ ಕ್ರಮ ಸಾಕು.

ಹಂತ 1: ಮೊದಲು ಸೂರು, ಆಮೇಲೆ ಸಿಂಗಾರ

ಸೂರು ಸೋರುವ ಮನೆಯಲ್ಲಿ ಬೇರೆ ಏನು ಮಾಡಿದರೂ ದಂಡ. ಮಾಡಿಗೆ ಹತ್ತುವ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಮೇ ತಿಂಗಳಲ್ಲಿ ಸಂಜೆ ಮಳೆ, ಗುಡುಗು ಶುರುವಾಗುತ್ತದೆ. ಆಗ ಕೆಲಸದವರೂ ಸಿಗುವುದಿಲ್ಲ.

ಮಂಗಳೂರು ಹೆಂಚಿನ ಕಥೆ ಶುರುವಾಗಿದ್ದು 1865ರಲ್ಲಿ, ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗ. ಇದರ ದೊಡ್ಡ ಗುಣ ಎಂದರೆ ಒಡೆದ ಒಂದು ಹೆಂಚನ್ನು ಮಾತ್ರ ತೆಗೆದು ಬೇರೆ ಕೂರಿಸಬಹುದು. ಆದರೆ ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರದೆ ಇರಬಹುದು. ಹಾಗಾಗಿ ಅಂಗಡಿಗೆ ಹೋಗುವಾಗ ಮಾಡಿನ ಒಂದು ಹೆಂಚನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಇಪ್ಪತ್ತು ಮೂವತ್ತು ಹೆಂಚು ಜಾಸ್ತಿಯೇ ತಂದು ಕೊಟ್ಟಿಗೆಯಲ್ಲಿ ಇಡಿ. ಮಂಗಗಳು ಮಾಡಿನ ಮೇಲೆ ಒಂದು ಸಲ ಕುಣಿದು ಹೋದರೆ ಸಾಕು, ಅವೆಲ್ಲ ಬೇಕಾಗುತ್ತವೆ.

ಹೆಂಚನ್ನು ಹೊರುವ ಮರದ ಪಕಾಸಿ, ರೀಪುಗಳನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಊಟ ಮುಗಿಸಿದೆ ಎಂದೇ ಲೆಕ್ಕ. ಎರಡು ಮಾಡು ಕೂಡುವ ಮೂಲೆಯಲ್ಲಿ ಎಲೆ, ಕಸ ಕಟ್ಟಿಕೊಂಡಿರುತ್ತದೆ, ಅದನ್ನು ಬಳಿದು ತೆಗೆಯಿರಿ. ಸೋರುವುದು ಹೆಚ್ಚಾಗಿ ಅಲ್ಲೇ.

ಹೇಗೂ ಹೆಂಚು ಬದಲಾಯಿಸುತ್ತೀರಿ. ಕತ್ತಲೆ ಕೋಣೆಗಳ ಮೇಲೆ ಎರಡೆರಡು ಗಾಜಿನ ಹೆಂಚು ಹಾಕಿಸಿ. ನಮ್ಮ ನಡುಮನೆಯಲ್ಲಿ ಹಗಲೂ ದೀಪ ಹಾಕಬೇಕಿತ್ತು. ಈಗ ಬೆಳಿಗ್ಗೆ ಹತ್ತು ಗಂಟೆಗೆ ನೆಲದ ಮೇಲೆ ಬಿಸಿಲಿನ ಚೌಕ ಬೀಳುತ್ತದೆ. ಮಕ್ಕಳು ಅದರೊಳಗೇ ಕೂತು ಆಡುತ್ತಾರೆ. ಇಡೀ ಮನೆಯ ಕೆಲಸದಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಹಂತ 2: ಗೋಡೆಗೆ ಸುಣ್ಣ, ನೆಲಕ್ಕೆ ಎಣ್ಣೆ

ನಮ್ಮ ದೊಡ್ಡ ತಪ್ಪು ಆಗಿದ್ದು ಗೋಡೆಯಲ್ಲಿ. ಪೇಂಟರ್ ಒಬ್ಬರು ‘ಹತ್ತು ವರ್ಷ ನೋಡುವ ಹಾಗಿಲ್ಲ’ ಎಂದು ಭರವಸೆ ಕೊಟ್ಟು ಮಣ್ಣಿನ ಗೋಡೆಗೆ ಹೊಳೆಯುವ ಪೇಂಟ್ ಬಳಿದರು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದಿತು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಬಳಿದರೆ ಆ ನೀರಿಗೆ ಹೋಗಲು ದಾರಿ ಇಲ್ಲ. ಅದು ಬಣ್ಣವನ್ನೇ ತಳ್ಳಿಕೊಂಡು ಬರುತ್ತದೆ.

ಅಜ್ಜ ಬಳಿಸುತ್ತಿದ್ದ ಸುಣ್ಣವೇ ಸರಿ. ನೀರಿನಲ್ಲಿ ಅರಳಿಸಿದ ಸುಣ್ಣವನ್ನು ಒಂದೆರಡು ದಿನ ನೆನೆಯಲು ಬಿಡಿ. ತೆಳು ಬಟ್ಟೆಯಲ್ಲಿ ಸೋಸಿ. ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು ಮೂರು ಸಲ ಬಳಿಯಿರಿ. ಒಂದು ಸಲ ಬಳಿದದ್ದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಬಳಿಯುವಾಗ ಏನೂ ಬಿಳಿ ಕಾಣುವುದಿಲ್ಲ, ಗಾಬರಿ ಬೇಡ, ಒಣಗುತ್ತಾ ಬಿಳಿಯಾಗುತ್ತದೆ. ಕೊನೆಯ ಸಲಕ್ಕೆ ಒಂದು ಚಿಟಿಕೆ ನೀಲಿ ಹಾಕಿದರೆ ಹಾಲು ಬಿಳಿ ಬರುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಅದನ್ನು ಅರಳಿಸುವಾಗ ಮಕ್ಕಳನ್ನು ತೋಟಕ್ಕೆ ಕಳಿಸಿಬಿಡಿ. ಮೊದಲೇ ಪೇಂಟ್ ಆಗಿದ್ದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಹಿಡಿಯದು. ನಮಗೆ ಆ ಕೆರೆಯುವ ಕೆಲಸಕ್ಕೇ ನಾಲ್ಕು ದಿನ ಹಿಡಿಯಿತು.

ಕೆಂಪು ಕಾವಿ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಬರೀ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ. ಆಸಿಡ್ ಹತ್ತಿರಕ್ಕೂ ತರಬೇಡಿ. ಎಣ್ಣೆ ಹಾಕಿದ ದಿನ ನೆಲ ಜಾರುತ್ತದೆ ಎಂದು ಮೊದಲೇ ಎಲ್ಲರಿಗೂ ಹೇಳಿ. ನಮ್ಮ ಭಾವ ಕಾಫಿ ಲೋಟದ ಸಮೇತ ಅದನ್ನು ಕಂಡುಹಿಡಿದರು.

ಹಂತ 3: ತರುವುದಕ್ಕಿಂತ ತೆಗೆಯುವುದು ಮುಖ್ಯ

ಹಳೇ ಮನೆಯ ಅಟ್ಟ ಹತ್ತಿ ನೋಡಿ. ಬೆಂಚು, ಮರದ ಪೆಟ್ಟಿಗೆ, ಮಣೆ, ತೊಟ್ಟಿಲು, ಹಿತ್ತಾಳೆ ಕೊಳಗ ಎಲ್ಲ ಅಲ್ಲೇ ಇರುತ್ತವೆ. ಹಲಸಿನ ಮರದ ಬೆಂಚಿಗೆ ಒರಟು ಕಾಗದ ಉಜ್ಜಿ ಎಣ್ಣೆ ಹಚ್ಚಿದರೆ ಅದಕ್ಕಿಂತ ಒಳ್ಳೆಯ ಸೋಫಾ ಇಲ್ಲ. ಮೆತ್ತಗೆ ಬೇಕು ಅನ್ನುವವರಿಗೆ ಬೆತ್ತದ ಕುರ್ಚಿ ಇಡಿ, ಗಾಳಿ ಆಡುತ್ತದೆ. ಫೋಮ್ ಸೋಫಾ, ಪ್ಲೈವುಡ್, ಪುಡಿ ಒತ್ತಿ ಮಾಡಿದ ಹಲಗೆ, ನೆಲಕ್ಕೆ ಅಂಟಿಸುವ ಕಾರ್ಪೆಟ್ ಬೇಡವೇ ಬೇಡ.

ಯಾವ ಸಾಮಾನನ್ನೂ ಗೋಡೆಗೆ ತಾಗಿಸಿ ಇಡಬೇಡಿ. ಒಂದು ಗೇಣು ಜಾಗ ಬಿಡಿ. ಕಪಾಟಿನ ಕಾಲಿನ ಕೆಳಗೆ ಕಲ್ಲಿನ ತುಂಡು ಕೊಡಿ. ಫೋಟೋಗಳ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ಬಿರಡೆಯ ಬಿಲ್ಲೆ ಕತ್ತರಿಸಿ ಅಂಟಿಸಿ. ಫೋಟೋ ಗೋಡೆಯಿಂದ ಬೆರಳಿನಷ್ಟು ದೂರ ನಿಂತರೆ ಹಿಂದೆ ಗಾಳಿ ಹೋಗುತ್ತದೆ. ಅಜ್ಜಿಯ ಮದುವೆ ಫೋಟೋವನ್ನು ನಾವು ಬೂಸ್ಟಿಗೆ ಕಳೆದುಕೊಂಡೆವು. ಈಗ ಮೂಲ ಫೋಟೋಗಳೆಲ್ಲ ಬೆಂಗಳೂರಿನಲ್ಲಿವೆ, ಊರಿನ ಗೋಡೆಗೆ ನಕಲು ಮಾತ್ರ.

ದೀಪಗಳಿಗೆ ಹಳದಿ ಬೆಳಕಿನ ಬಲ್ಬ್ ಹಾಕಿ. ಸುಣ್ಣದ ಗೋಡೆಗೆ ಅದೇ ಚೆಂದ. ಬಿಳಿ ಬೆಳಕಿಗೆ ಬಂದಷ್ಟು ಹುಳ ಇದಕ್ಕೆ ಬರುವುದಿಲ್ಲ.

ಹಂತ 4: ಹಾಸಿಗೆ, ಹೊದಿಕೆ, ಪರದೆ

ಹತ್ತು ಹನ್ನೆರಡು ಜನ ಒಟ್ಟಿಗೆ ಬಂದಾಗ ಮಲಗುವುದು ಎಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆ. ಕೋಣೆಗೊಂದು ಮಂಚ ತುಂಬಿಸುವ ಬದಲು ಹಿರಿಯರಿಗೆ ಎರಡು ಮಂಚ ಇರಲಿ. ಉಳಿದವರಿಗೆ ಸುತ್ತಿ ಇಡಬಹುದಾದ ತೆಳು ಹಾಸಿಗೆ ಸಾಕು. ನಡುಮನೆಯಲ್ಲಿ ಸಾಲಾಗಿ ಮಲಗಿ ಪಿಸುಪಿಸು ಮಾತಾಡುವುದಕ್ಕೇ ಅಲ್ವಾ ಮಕ್ಕಳು ಅಲ್ಲಿಗೆ ಬರುವುದು?

ಇಲ್ಲಿ ಕರ್ನಾಟಕದ ಕೈಕೆಲಸ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನೆಲಕ್ಕೆ ನವಲಗುಂದದ ಜಮಖಾನ. ಹತ್ತಿಯದು, ಕೊಡವಿ ಬಿಸಿಲಿಗೆ ಹಾಕಬಹುದು, ನವಿಲು, ಪಗಡೆ ಹಾಸಿನ ಚಿತ್ರಗಳು ನೋಡಲೂ ಚೆಂದ. ಹೊದಿಕೆಗೆ ಉತ್ತರ ಕರ್ನಾಟಕದ ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಅಮ್ಮನ ಸೀರೆಗಳನ್ನು ಏನು ಮಾಡುವುದು ಎಂದು ತಿಳಿಯದೆ ಕೂತಿದ್ದೆವು. ಅಕ್ಕ ಅವನ್ನು ಕೊಟ್ಟು ಐದು ಕೌದಿ ಹೊಲಿಸಿದಳು. ಈಗ ಯಾರಿಗೆ ಯಾವ ಕೌದಿ ಎಂದು ಪ್ರತಿ ಸಲ ಜಗಳ.

ಪರದೆ ತೆಳ್ಳಗಿರಲಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಬಟ್ಟೆ ನೇಯುತ್ತದೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದಲೂ ಅವರು ಬಣ್ಣ ಕಟ್ಟುತ್ತಾರೆ. ಆ ಕಂದು ಕೆಂಪು ಬಣ್ಣ ಕಾವಿ ನೆಲದ ಜೊತೆ ಎಷ್ಟು ಹೊಂದುತ್ತದೆ ಎಂದರೆ, ಎರಡೂ ಒಂದೇ ಊರಿನವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇವೆಲ್ಲವನ್ನೂ ಹೊರಡುವಾಗ ತುಂಬಿಡಲು ಎರಡು ದೊಡ್ಡ ತಗಡಿನ ಟ್ರಂಕು ಬೇಕು. ಮೊದಲು ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಮಡಿಸಿ, ನಡುವೆ ಒಣ ಬೇವಿನ ಎಲೆ ಇಟ್ಟು ಮುಚ್ಚಿ. ಅರ್ಧ ಒಣಗಿದ್ದನ್ನು ತುಂಬಿದರೆ ಟ್ರಂಕಿನೊಳಗೇ ಅಣಬೆ ಬೆಳೆದೀತು.

ಹಂತ 5: ಗೋಡೆಗೆ ಒಂದೇ ಒಂದು ಚಿತ್ತಾರ

ಸಾಗರ, ಸೊರಬ ಕಡೆಯ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಗೆರೆಗಳು ಅಳತೆಪಟ್ಟಿ ಹಿಡಿದು ಎಳೆದ ಹಾಗಿರುತ್ತವೆ. ಬರೆಯುವವರನ್ನೇ ಕರೆಸಿ, ಸರಿಯಾದ ಸಂಭಾವನೆ ಕೊಟ್ಟು ಜಗಲಿಯ ಒಂದು ಗೋಡೆಗೆ ಬರೆಸಿ. ನಾವೂ ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿದ್ದೆವು. ಎರಡು ಗೆರೆ ಎಳೆಯುವಷ್ಟರಲ್ಲಿ ಅವರಿಗೆ ಕಷ್ಟ ಅರ್ಥವಾಯಿತು.

ಇರುಚಲು ಹೊಡೆಯದ ಗೋಡೆ ಆರಿಸಿಕೊಳ್ಳಿ, ಇಲ್ಲದಿದ್ದರೆ ಚಿತ್ತಾರ ಜೂನ್‌ಗೆ ಅಂಗಳದಲ್ಲಿರುತ್ತದೆ. ಆ ಒಂದು ಗೋಡೆ ಸಾಕು. ಪೇಟೆಯಿಂದ ತಂದ ಬುದ್ಧನ ತಲೆ, ಪ್ಲಾಸ್ಟಿಕ್ ಬಳ್ಳಿ, ‘ಹೋಮ್’ ಎಂದು ಬರೆದ ಹಲಗೆ ಇವೆಲ್ಲ ಸುಮ್ನೆ ಧೂಳಿಗೆ ಜಾಗ.

ಹಂತ 6: ಅಡುಗೆಮನೆ, ಬಚ್ಚಲು

ಇಲ್ಲಿ ಅಲಂಕಾರಕ್ಕಿಂತ ಅನುಕೂಲ ನೋಡಿ. ದೊಡ್ಡ ಕುಕ್ಕರ್, ಒಂದು ಇಡ್ಲಿ ಪಾತ್ರೆ, ಹದಿನೈದು ತಟ್ಟೆ ಲೋಟ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳು. ಬಚ್ಚಲಿನ ಹಂಡೆಯನ್ನು ತೆಗೆಯಬೇಡಿ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬಾರದಿದ್ದಾಗ ಬಿಸಿನೀರು ಕೊಡುವುದು ಅದೇ. ಒಣಗಿದ ಅಡಿಕೆ ಸೋಗೆ, ಸೌದೆ ಹೇಗೂ ತೋಟದಲ್ಲಿವೆ.

ಹಂತ 7: ತಿರುಗಾಟಕ್ಕೆ ದಿನಕ್ಕೊಂದೇ ಜಾಗ

ಮನೆ ಸಿದ್ಧವಾದ ಮೇಲೆ ನಮಗೆ ತಿರುಗುವ ಹುಚ್ಚು ಹಿಡಿಯಿತು. ಒಂದೇ ದಿನ ಜೋಗ, ಸಿಗಂದೂರು, ಇಕ್ಕೇರಿ ಎಲ್ಲ ಮುಗಿಸಿ ರಾತ್ರಿ ಸುಸ್ತಾಗಿ ಬಂದು ಬಿದ್ದೆವು. ಅದು ರಜೆಯಲ್ಲ, ಡ್ಯೂಟಿ. ಈಗ ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಮನೆಯಲ್ಲಿ ಊಟ, ಆಮೇಲೆ ನಿದ್ದೆ. ಇದು ಕಡ್ಡಾಯ.

ಜೋಗ ಸಾಗರದಿಂದ ಸುಮಾರು 30 ಕಿಲೋಮೀಟರ್. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲುಗಳು 253 ಮೀಟರ್ ಮೇಲಿಂದ ಬೀಳುವುದನ್ನು ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಹಿಡಿದಿಡುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಬಂಡೆ ನೋಡಿ ಬರಬೇಕಾದೀತು. ಬೇಸಿಗೆಯಲ್ಲಿ ಇಕ್ಕೇರಿ, ಕೆಳದಿ ಒಳ್ಳೆಯದು. ಎರಡೂ ಸಾಗರಕ್ಕೆ ಹತ್ತಿರ. ಇಕ್ಕೇರಿಯ ಅಘೋರೇಶ್ವರ ಗುಡಿಯ ಕಲ್ಲಿನ ಮಂಟಪದಲ್ಲಿ ಬೇಸಿಗೆಯ ಮಧ್ಯಾಹ್ನವೂ ತಂಪು. ಕೆಳದಿಯ ಗುಡಿಯಲ್ಲಿ ತಲೆ ಎತ್ತಿ ಗಂಡಭೇರುಂಡದ ಕೆತ್ತನೆ ಹುಡುಕುವ ಕೆಲಸ ಮಕ್ಕಳಿಗೆ ಕೊಡಿ. ಸಿಗಂದೂರಿಗೆ 2025ರ ಜುಲೈನಿಂದ ಸೇತುವೆ ಇದೆ. ಲಾಂಚ್‌ಗೆ ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದ ದಿನಗಳನ್ನು ನಮ್ಮ ಮಕ್ಕಳು ಈಗ ಕಥೆಯ ಹಾಗೆ ಕೇಳುತ್ತಾರೆ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ. ನಾಟಕ ಇರುವ ಸಂಜೆ ಮೊದಲೇ ವಿಚಾರಿಸಿಕೊಂಡು ಹೋಗಿ.

ಬರುವುದಕ್ಕೆ ರೈಲೇ ಸುಖ. ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಟಿಕೆಟ್ ಹುಡುಕುವಾಗ ಸಾಗರ ನಿಲ್ದಾಣದ ಹೆಸರು ‘ಸಾಗರ ಜಂಬಗಾರು’ ಎಂಬುದು ನೆನಪಿರಲಿ.

ಒಂದು ಎಚ್ಚರಿಕೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಇದರ ಕಾಲ. ಆಗ ಮಕ್ಕಳನ್ನು ಕಾಡಿನೊಳಗೆ, ತರಗೆಲೆ ರಾಶಿಯ ಮೇಲೆ ಆಡಲು ಬಿಡಬೇಡಿ. ಮೈ ಮುಚ್ಚುವ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಇಂಬಳಕ್ಕೆ ಇಷ್ಟು ಹೆದರಬೇಕಿಲ್ಲ. ಉಪ್ಪು ಹಾಕಿದರೆ ಬಿಡುತ್ತದೆ.

ಹಂತ 8: ಬೀಗ ಹಾಕುವ ದಿನ

ಹೊರಡುವ ದಿನ ಬೆಳಿಗ್ಗೆ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲು ಪೂರ್ತಿ ಮುಚ್ಚದಂತೆ ನಡುವೆ ಒಂದು ಬಟ್ಟೆ ಸುತ್ತಿ ಇಡಿ. ಗ್ಯಾಸ್ ರೆಗ್ಯುಲೇಟರ್ ತೆಗೆಯಿರಿ. ಮೇ ತಿಂಗಳ ಸಿಡಿಲಿಗೆ ನಮ್ಮ ಟಿವಿ ಹೋಯಿತು. ಈಗ ಮೇನ್ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್‌ಗಳನ್ನೂ ಕಿತ್ತಿಡುತ್ತೇವೆ. ದೊಡ್ಡ ಹಾಸಿಗೆಗಳನ್ನು ನಿಲ್ಲಿಸಿ ಇಡಿ. ಅಕ್ಕಿ, ಬೇಳೆ ಉಳಿದಿದ್ದರೆ ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಇಲಿಗೆ ಬಿಡಬೇಡಿ.

ಕೀಲಿಕೈ ಪಕ್ಕದ ತೋಟದ ಚಿಕ್ಕಪ್ಪನ ಹತ್ತಿರ ಇರುತ್ತದೆ. ಬಿಸಿಲು ಬಿದ್ದ ದಿನ ಕಿಟಕಿ ತೆಗೆದು ಸಂಜೆ ಮುಚ್ಚಲು ಒಬ್ಬರನ್ನು ಗೊತ್ತು ಮಾಡಿ, ತಿಂಗಳಿಗಿಷ್ಟು ಅಂತ ಕೊಡಿ. ಬರೀ ಉಪಕಾರದ ಮೇಲೆ ಈ ಕೆಲಸ ನಡೆಯುವುದಿಲ್ಲ.

ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದೇವೆ. ಏನು ಖಾಲಿ, ಏನು ಕೆಟ್ಟಿದೆ, ಮುಂದಿನ ಸಲ ಏನು ತರಬೇಕು ಎಂದು ಕೊನೆಗೆ ಹೊರಡುವವರು ಬರೆದಿಡಬೇಕು. ಹೋದ ದಸರಾದಲ್ಲಿ ತಮ್ಮನ ಮಗಳು ಬರೆದ ಪುಟ ಹೀಗಿದೆ: ‘ಉಪ್ಪು ಖಾಲಿ. ಬಚ್ಚಲ ಮೇಲೆ ಒಂದು ಹೆಂಚು ಒಡೆದಿದೆ. ಕೊಡೆ ಒಂದು ಜಾಸ್ತಿ ಇದೆ, ಯಾರದ್ದು? ಹಸಿರು ಕೌದಿ ನನ್ನದು.’