ಸ್ಪೀಕರ್‌ಗೆ ತಕ್ಕ ರಿಸೀವರ್: ವಾಟ್‌ಗಿಂತ ಮೊದಲು ಓಮ್ ನೋಡಿ

ಹೋಮ್ ಥಿಯೇಟರ್ ರಿಸೀವರ್ (ಟಿವಿ, ಪ್ಲೇಯರಿನ ಸದ್ದನ್ನು ಹಿಗ್ಗಿಸಿ ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ) ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಸ್ಪೀಕರಿನ ಬೆನ್ನು ಅಥವಾ ಅದರ ಕೈಪಿಡಿ ತೆಗೆದು ಎರಡು ಅಂಕಿ ಬರೆದುಕೊಳ್ಳಿ: ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಅದು ಹೊರಡಿಸುವ ಸದ್ದು) ಎಷ್ಟು ಡೆಸಿಬೆಲ್.

1. ಓಮ್ ಹೊಂದಿಸಿ

8 ಓಮ್ ಸ್ಪೀಕರ್ ಯಾವ ರಿಸೀವರ್‌ಗೂ ಸಲೀಸು. 6 ಓಮ್ ಕೂಡ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. 4 ಓಮ್ ಆದರೆ ಮಾತ್ರ ರಿಸೀವರಿನ ಸ್ಪೀಕರ್ ಟರ್ಮಿನಲ್ ಪಕ್ಕ ಅಚ್ಚಾಗಿರುವ ಕನಿಷ್ಠ ಓಮ್ ಓದದೆ ದುಡ್ಡು ಕೊಡಬೇಡಿ. ಓಮ್ ಅರ್ಧವಾದರೆ ಕರೆಂಟ್ ಇಮ್ಮಡಿ: 20 ವೋಲ್ಟ್‌ಗೆ 8 ಓಮ್ ಸ್ಪೀಕರ್ 2.5 ಆಂಪಿಯರ್ ಎಳೆದರೆ, 4 ಓಮಿನದು 5 ಆಂಪಿಯರ್ ಎಳೆಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಕಾಯುವುದು ಈ ಕರೆಂಟಿನಿಂದಲೇ. ಜೋರು ಫೈಟ್ ಸೀನ್ ಬಂದಾಗ ರಿಸೀವರ್ ‘ಪ್ರೊಟೆಕ್ಟ್’ ಎಂದು ತೋರಿಸಿ ಆರಿಹೋಗಲು ಬಹಳ ಸಲ ಇದೇ ಕಾರಣ. 8 ಓಮಿನ ಎರಡು ಸ್ಪೀಕರನ್ನು ಒಂದೇ ಟರ್ಮಿನಲ್‌ಗೆ ಸಮಾಂತರವಾಗಿ ಸಿಕ್ಕಿಸಿದರೂ ರಿಸೀವರ್‌ಗೆ ಕಾಣುವುದು 4 ಓಮ್.

ಲೇಬಲ್ ಅಳಿಸಿಹೋಗಿದ್ದರೆ ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಅದು ಅಳೆಯುವುದು ಕಾಯಿಲ್‌ನ ಡಿಸಿ ರೋಧವನ್ನು, ಹಾಗಾಗಿ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ. 5.5ರಿಂದ 7 ಬಂದರೆ ಅದು 8 ಓಮ್ ಸ್ಪೀಕರ್, 3ರಿಂದ 3.5 ಬಂದರೆ 4 ಓಮ್.

ಡಿವಿಡಿ ಪ್ಲೇಯರ್ ಸಮೇತ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಹಳೆಯ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸೆಟ್‌ಗಳ ಸ್ಪೀಕರ್‌ಗಳನ್ನು ಹೊಸ ರಿಸೀವರ್‌ಗೆ ಜೋಡಿಸುವ ಆಸೆ ಬಿಡುವುದೇ ಮೇಲು. ಅವುಗಳಲ್ಲಿ ಅನೇಕವು 3 ಓಮಿನವು. ಆ ಸೆಟ್‌ಗಳ ಸಬ್‌ವೂಫರ್‌ಗೆ (ಬಾಸ್‌ಗೆಂದೇ ಇರುವ ಸ್ಪೀಕರ್) ಸಾಮಾನ್ಯವಾಗಿ ಸ್ವಂತ ಆಂಪ್ಲಿಫೈಯರ್ ಇರುವುದಿಲ್ಲ. ರಿಸೀವರಿನ ಸಬ್ ಔಟ್‌ನಿಂದ ಬರುವುದು ಬರೀ ಸಿಗ್ನಲ್, ಅದರಿಂದ ಆ ಸಬ್ ಮಿಸುಕುವುದೂ ಇಲ್ಲ.

2. ಎಷ್ಟು ವಾಟ್ ಬೇಕು, ಲೆಕ್ಕ ಹಾಕಿ

ಸೆನ್ಸಿಟಿವಿಟಿ 87 ಡೆಸಿಬೆಲ್ ಎಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. 3 ಮೀಟರ್ ದೂರದ ಸೋಫಾ ತಲುಪುವಾಗ ಸುಮಾರು 9.5 ಡೆಸಿಬೆಲ್ ಕರಗುತ್ತದೆ, ಗೋಡೆಗಳು 3ರಷ್ಟು ಹಿಂದಿರುಗಿಸುತ್ತವೆ ಎಂದಿಟ್ಟುಕೊಳ್ಳಿ. ಉಳಿದದ್ದು 80.5. ಮನೆಯಲ್ಲಿ ಸಿನಿಮಾ ಚೆನ್ನಾಗಿಯೇ ಜೋರಾಗಿ ನೋಡುವವರಿಗೆ ಅತಿ ಜೋರು ಕ್ಷಣದಲ್ಲಿ 95 ಡೆಸಿಬೆಲ್ ಸಾಕು. ಇನ್ನು 14.5 ಬೇಕು, ಅಂದರೆ ಸುಮಾರು 28 ವಾಟ್. ಕೈಯಲ್ಲಿ ಸ್ವಲ್ಪ ಇರಲೆಂದು ಇಮ್ಮಡಿ ಮಾಡಿದರೂ 56. ಥಿಯೇಟರ್ ಮಟ್ಟದ 105 ಡೆಸಿಬೆಲ್ಲೇ ಬೇಕೆಂದರೆ ಮಾತ್ರ 280 ವಾಟ್ ದಾಟುತ್ತದೆ.

ಪ್ರತಿ 3 ಡೆಸಿಬೆಲ್‌ಗೂ ವಾಟ್ ಇಮ್ಮಡಿಯಾಗಬೇಕು. ಆದ್ದರಿಂದ 87ರ ಬದಲು 90 ಡೆಸಿಬೆಲ್ ಸ್ಪೀಕರ್ ತಂದರೆ ಆಂಪ್ಲಿಫೈಯರನ್ನು ಎರಡು ಪಟ್ಟು ದೊಡ್ಡದು ಮಾಡಿದಂತೆ. 80 ವಾಟ್ ಬಿಟ್ಟು 100 ವಾಟ್ ಕೊಂಡರೆ ಸಿಗುವ ಲಾಭ 1 ಡೆಸಿಬೆಲ್ ಮಾತ್ರ. ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯುವುದು ನಷ್ಟದ ವ್ಯಾಪಾರ. ಒಂದು ಎಚ್ಚರಿಕೆ: ಸೆನ್ಸಿಟಿವಿಟಿ ‘2.83 ವೋಲ್ಟ್‌ಗೆ’ ಎಂದಿದ್ದು ಸ್ಪೀಕರ್ 4 ಓಮಿನದಾದರೆ, ಅಲ್ಲಿ ಖರ್ಚಾಗಿರುವುದು 2 ವಾಟ್. 3 ಡೆಸಿಬೆಲ್ ಕಳೆದು ಲೆಕ್ಕ ಹಾಕಿ.

3. ರಿಸೀವರಿನ ಅಂಕಿಯನ್ನು ಅನುಮಾನದಿಂದ ಓದಿ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದ ‘150 ವಾಟ್’ ಇರುತ್ತದೆ. ಕೆಳಗಿನ ಸಣ್ಣ ಅಕ್ಷರದಲ್ಲಿ 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್ (ಒಂದು ಸ್ಪೀಕರಿನ ಸಾಲು), 10% ಡಿಸ್ಟಾರ್ಶನ್ (ಸದ್ದಿನ ವಿಕೃತಿ) ಎಂದಿದ್ದರೆ ಆ ಅಂಕಿ ಮರೆತುಬಿಡಿ. ಬೇಕಾದ್ದು ಈ ಸಾಲು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ, ಡಿಸ್ಟಾರ್ಶನ್ 0.1%ಕ್ಕಿಂತ ಕಡಿಮೆ. ಇಲ್ಲಿ 70-80 ವಾಟ್ ಇದ್ದರೆ 12×15 ಅಡಿ ಹಾಲ್‌ಗೆ ಧಾರಾಳ.

‘100 ವಾಟ್ ಸ್ಪೀಕರ್‌ಗೆ 120 ವಾಟ್ ರಿಸೀವರ್ ಹಾಕಿದರೆ ಸುಡುವುದಿಲ್ಲವೇ’ ಎಂಬ ಭಯ ಬೇಡ. ಹೆಚ್ಚಾಗಿ ಸುಡುವುದು ಉಲ್ಟಾ ದಾರಿಯಲ್ಲಿ: ಸಣ್ಣ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ ಅಲೆಯ ತುದಿ ಕತ್ತರಿಸಿಹೋಗಿ, ಟ್ವೀಟರ್‌ಗೆ (ತೀಕ್ಷ್ಣ ಸ್ವರ ಹೊರಡಿಸುವ ಪುಟ್ಟ ಘಟಕ) ಹೋಗುವ ಶಕ್ತಿ ಅದು ತಡೆಯುವುದಕ್ಕಿಂತ ಹೆಚ್ಚಾಗುತ್ತದೆ. ಸದ್ದು ಕರ್ಕಶವಾದ ಕೂಡಲೇ ವಾಲ್ಯೂಮ್ ಇಳಿಸಿ.

ಟಿವಿಯ ಎಡ-ಬಲದ ಮುಂಭಾಗದ ಸ್ಪೀಕರ್ ಜೋಡಿ 4 ಓಮಿನದಾಗಿದ್ದು ರಿಸೀವರ್ ತಿಣುಕುತ್ತಿದ್ದರೆ ಇಡೀ ರಿಸೀವರ್ ಬದಲಿಸಬೇಕಿಲ್ಲ. ಪ್ರೀ-ಔಟ್ (ಹಿಗ್ಗಿಸದ ಸಿಗ್ನಲ್ ಹೊರಬರುವ ಕಿಂಡಿ) ಇರುವ ಮಾದರಿಯಾದರೆ 4 ಓಮ್ ತಾಳುವ ಎರಡು ಚಾನೆಲ್ ಪವರ್ ಆಂಪ್ಲಿಫೈಯರನ್ನು ಆರ್‌ಸಿಎ ಕೇಬಲ್‌ನಲ್ಲಿ ಜೋಡಿಸಿ. ರಿಸೀವರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ಪೈಕ್ ಬೋರ್ಡ್‌ಗೆ ಹಾಕಿ. ಬೇರೆ ಬೇರೆ ಸಾಕೆಟ್‌ನ ಅರ್ತ್ ಸೇರಿದರೆ ‘ಹುಂ’ ಎಂಬ ಗುಂಯ್‌ಗುಡುವಿಕೆ ಶುರುವಾಗಬಹುದು.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ರಿಸೀವರ್ ಆದರೆ ಹಿಂದಿನ ಫಲಕ ಓದುವವರೆಗೂ ಪ್ಲಗ್ ಹಾಕಬೇಡಿ. ಅಲ್ಲಿಯ ಮಾದರಿ 120 ವೋಲ್ಟಿನದು, ನಮ್ಮದು 230. ಪ್ಲಗ್‌ಗೆ ಅಡಾಪ್ಟರ್ ಹಾಕಿದ ಮಾತ್ರಕ್ಕೆ ವೋಲ್ಟೇಜ್ ಇಳಿಯುವುದಿಲ್ಲ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

4. ತಂತಿ, ಸೆಟ್ಟಿಂಗ್

10 ಮೀಟರ್ ಒಳಗಿನ 8 ಓಮ್ ಸ್ಪೀಕರ್‌ಗೆ 1.5 ಚದರ ಮಿ.ಮೀ. ಶುದ್ಧ ತಾಮ್ರದ ತಂತಿ ಸಾಕು, 4 ಓಮ್‌ಗೆ 2.5. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ರೋಧ ಹೆಚ್ಚು. ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿ. ಕೆಂಪು-ಕಪ್ಪು ಟರ್ಮಿನಲ್ ನಡುವೆ ಒಂದೇ ಒಂದು ಎಳೆ ತಾಗಿದರೂ ಶಾರ್ಟ್.

ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಶನ್ (ಸ್ಪೀಕರ್‌ಗಳ ಸದ್ದನ್ನು ರಿಸೀವರ್ ತಾನೇ ಅಳೆದು ಹೊಂದಿಸಿಕೊಳ್ಳುವುದು) ಮಾಡುವಾಗ ಸೀಲಿಂಗ್ ಫ್ಯಾನ್, ಎಸಿ ಎರಡೂ ಆಫ್ ಇರಲಿ, ಮೈಕ್ ಕಿವಿಯ ಎತ್ತರಕ್ಕಿರಲಿ. ಮುಗಿದ ಮೇಲೆ ಮೆನು ತೆರೆದು ನೋಡಿ: ದೊಡ್ಡ ಸ್ಪೀಕರ್‌ಗಳನ್ನು ಅದು ಹಲವು ಸಲ ‘ಲಾರ್ಜ್’ (ಪೂರ್ತಿ ಬಾಸ್ ಕಳಿಸಬಹುದಾದದ್ದು) ಎಂದು ಗುರುತಿಸಿಬಿಡುತ್ತದೆ. ಸಬ್‌ವೂಫರ್ ಇದ್ದರೆ ‘ಸ್ಮಾಲ್’ ಮಾಡಿ ಕ್ರಾಸ್ಓವರ್ (ಇದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್‌ಗೆ ಇಡಿ. ಅಂಗೈಯಗಲದ ಸ್ಯಾಟಲೈಟ್ ಸ್ಪೀಕರ್‌ಗಳಾದರೆ 120. ಶಕ್ತಿ ಹೀರುವ ಬಾಸ್ ಆಗ ಸಬ್‌ನ ಸ್ವಂತ ಆಂಪ್ಲಿಫೈಯರ್ ಪಾಲಾಗಿ ರಿಸೀವರ್ ಹಗುರಾಗುತ್ತದೆ. ಸಬ್‌ನ ಹಿಂದಿರುವ ಕ್ರಾಸ್ಓವರ್ ತಿರುಗಣೆಯನ್ನು ಗರಿಷ್ಠಕ್ಕೆ ತಿರುಗಿಸಿಡಿ, ಇಲ್ಲದಿದ್ದರೆ ಎರಡೆರಡು ಸಲ ಸೋಸಿದಂತಾಗಿ 80 ಹರ್ಟ್ಸ್ ಆಸುಪಾಸಿನ ಸದ್ದು ಸೊರಗುತ್ತದೆ.