ಮಳೆಗಾಲದಲ್ಲಿ ಬ್ಯಾಕಪ್ ಟೇಪ್ ಬಳಸುವವರಿಗೆ
ತೀರ್ಥಹಳ್ಳಿ, ಆಗುಂಬೆ ಕಡೆಯ ಕಚೇರಿಗಳಲ್ಲಿ ಎಲ್‌ಟಿಒ ಟೇಪಿಗೆ (ಕಂಪ್ಯೂಟರ್ ಮಾಹಿತಿ ಉಳಿಸಿಡುವ ಕಾಂತೀಯ ಟೇಪು) ಬ್ಯಾಕಪ್ ತೆಗೆಯುವವರೇ, ಬೀರುವಿನಿಂದ ತೆಗೆದ ಕಾರ್ಟ್ರಿಜ್ ಅನ್ನು ಕೂಡಲೇ ಡ್ರೈವಿಗೆ ಹಾಕಬೇಡಿ. ಡ್ರೈವ್ ಇರುವ ಕೋಣೆಯಲ್ಲೇ 24 ಗಂಟೆ ಇಟ್ಟು ಆಮೇಲೆ ಬಳಸಿ. ತೇವ ಹೀರಿದ ಟೇಪು ತುಸು ಹಿಗ್ಗುತ್ತದೆ. ಎಂಟನೇ ಪೀಳಿಗೆಯ ಎಲ್‌ಟಿಒ-8 ಟೇಪಿನಲ್ಲಿ ಅರ್ಧ ಇಂಚು ಅಗಲದೊಳಗೆ ಮಾಹಿತಿಯ 6,656 ಜಾಡುಗಳಿರುವುದರಿಂದ ಆ ತುಸುವೇ ಟೇಪನ್ನು ಓದಿ ಬರೆಯುವ ಹೆಡ್ಡಿನ ಲೆಕ್ಕ ತಪ್ಪಿಸಲು ಸಾಕು. ಕೋಣೆಯೇ ಜಿನುಗುವಷ್ಟು ತೇವವಾಗಿದ್ದರೆ ಕಾದು ಪ್ರಯೋಜನವಿಲ್ಲ. ಮೊದಲು ಎಸಿ ಅಥವಾ ತೇವ ಹೀರುವ ಯಂತ್ರ ಬೇಕು. ಬೂಷ್ಟು ಹಿಡಿದ ಟೇಪನ್ನಂತೂ ದಯವಿಟ್ಟು ಯಾವ ಡ್ರೈವಿಗೂ ಹಾಕಬೇಡಿ, ಅದು ಹೆಡ್ಡನ್ನೂ ಮುಂದಿನ ಟೇಪುಗಳನ್ನೂ ಕೆಡಿಸುತ್ತದೆ. ಕ್ಲೀನಿಂಗ್ ಕಾರ್ಟ್ರಿಜ್ ಅನ್ನು ಡ್ರೈವ್ ಕೇಳಿದಾಗ ಮಾತ್ರ ಹಾಕಿ. ಅದು ಹೆಡ್ಡನ್ನು ಉಜ್ಜಿ ಸವೆಸುತ್ತದೆ.