ಪ್ರಾಣಿ ಸಂಶೋಧನೆಗೆ ದತ್ತಿನಿಧಿ ಇಡೋದು ಹೇಗೆ

ಅಪ್ಪ ಅಮ್ಮನ ಹೆಸರಲ್ಲಿ ಯೂನಿವರ್ಸಿಟಿಗೆ ದುಡ್ಡು ಕೊಡ್ಬೇಕು, ಅದು ಆನೆ, ಕಣಜ, ಕಪ್ಪೆಗಳ ಸ್ಟಡಿಗೆ ಹೋಗ್ಬೇಕು ಅಂತಿದ್ರೆ ಮೊದ್ಲು ಇದು ತಿಳ್ಕೊಳಿ: ದತ್ತಿನಿಧಿಲಿ ಅಸಲು ಮುಟ್ಟಲ್ಲ, ಬಡ್ಡಿ ಮಾತ್ರ ಖರ್ಚು. 25 ಲಕ್ಷಕ್ಕೆ 7% ಅಂದ್ರೆ ವರ್ಷಕ್ಕೆ 1.75 ಲಕ್ಷ, ಅದ್ರಲ್ಲೂ ಸ್ವಲ್ಪ ವಾಪಸ್ ಅಸಲಿಗೆ ಸೇರಿಸ್ದಿದ್ರೆ ಬೆಲೆ ಏರಿಕೆ ಅದನ್ನ ತಿಂದ್ಹಾಕತ್ತೆ.

ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಶುರುವಾಗಿದ್ದೇ ಜೆಮ್‌ಷೆಡ್‌ಜಿ ಟಾಟಾ ಕೊಟ್ಟ ದತ್ತಿಯಿಂದ, 1909ರಲ್ಲಿ. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರದಲ್ಲಿ ವಿಜ್ಞಾನಿ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಒಂದೇ ಜಾತಿ ಕಣಜ ನೋಡ್ಕೊಂಡು ಕೂತಿದ್ರು. ಮೂರು ವರ್ಷದ ಪ್ರಾಜೆಕ್ಟ್ ಗ್ರಾಂಟಲ್ಲಿ ಇಂಥ ಕೆಲ್ಸ ಕಷ್ಟ, ದತ್ತಿ ಬೇಕಾಗೋದು ಇದಕ್ಕೇ.

ಒಪ್ಪಂದದಲ್ಲಿ ಉದ್ದೇಶನ ಅಗಲವಾಗಿ ಬರೆಸಿ, 'ಆನೆಗೆ ಮಾತ್ರ' ಅಂದ್ರೆ ಮುಂದೆ ಆನೆ ಸ್ಟಡಿ ಮಾಡೋರೇ ಇಲ್ದಿದ್ರೆ ದುಡ್ಡು ಸುಮ್ನೆ ಬಿದ್ದಿರತ್ತೆ. ಜೀಪ್ ಡೀಸೆಲ್ಲು, ಫೀಲ್ಡ್ ಅಸಿಸ್ಟೆಂಟ್ ಸಂಬಳಕ್ಕೂ ಬಳಸ್ಬಹುದು ಅಂತ ಸೇರಿಸಿ, ಹೆಸರಿನ ಫಲಕಕ್ಕಿಂತ ಇದೇ ಮುಖ್ಯ ನನ್ ಪ್ರಕಾರ. ವರ್ಷಕ್ಕೊಂದ್ಸಲ ಲೆಕ್ಕ ಕೇಳಿ.

ಅಮೆರಿಕಾ ಸಿಟಿಜನ್ ಆಗಿರೋ ಕನ್ನಡಿಗರು ಕಳ್ಸಿದ್ರೆ ಅದು ವಿದೇಶಿ ದೇಣಿಗೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ರೂ ಅಷ್ಟೇ. ಸಂಸ್ಥೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸೋ ಕಾಯ್ದೆ) ಪ್ರಕಾರ ತಗೋಬಹುದಾ ಅಂತ ಮೊದ್ಲೇ ಕೇಳ್ಕೊಳಿ.